ಹೊರಡುವ ಸಮಯ

ಐದೂವರೆಗೆ ಹೊರಡುತ್ತೇನೆಂದು ಹೇಳಿ ಮೇಷ್ಟ್ರು ಐದೂವರೆಗೇ ಮೆಟ್ಟಿಲಿಳಿದು ಬಂದದ್ದು ಆ ಮನೆಯ ಚರಿತ್ರೆಯಲ್ಲಿ ಅದೇ ಮೊದಲು. ಅದನ್ನು ನಂಬಲು ಅವರ ಎಲೆಕ್ಟ್ರಿಕ್ ಕಾರು ಮಾತ್ರ ತಯಾರಿರಲಿಲ್ಲ. ಶೆಡ್ಡಿನ ಗೋಡೆಗೆ ಬಡಿದಿದ್ದ ಬಿಳಿ ಚಾರ್ಜಿಂಗ್ ಪೆಟ್ಟಿಗೆಯಲ್ಲಿ ಎರಡು ದೀಪಗಳಿದ್ದವು. ತಮ್ಮನ ವ್ಯಾನಿನದು ಹಸಿರಾಗಿ ಸ್ಥಿರವಾಗಿ ನಿಂತಿತ್ತು. ಮೇಷ್ಟ್ರ ಕಾರಿನದು ಕಿತ್ತಳೆ ಬಣ್ಣದಲ್ಲಿ, ಯಾವ ಅವಸರವೂ ಇಲ್ಲದವರ ಹಾಗೆ ಮೆಲ್ಲಗೆ ಕಣ್ಣು ಮಿಟುಕಿಸುತ್ತಿತ್ತು. ಕೀಲಿ ತಿರುಗಿಸಿದರೆ, ಬ್ಯಾಟರಿಯಲ್ಲಿ ಕಾಲು ಭಾಗವೂ ಇಲ್ಲವೆಂದು ಕಾರಿನ ಪರದೆ ತೋರಿಸಿತು.

"ಎಷ್ಟಿದೆ?" ಎಂದರು ಹೆಂಡತಿ, ಬಾಗಿಲನ್ನು ತಡಕಿ ಹಿಡಿದು ಪಕ್ಕದಲ್ಲಿ ಕೂರುತ್ತ.

"ಇದೆ."

"ಇದೆ ಅಂದ್ರೆ?"

"ಇದೆ ಅಂದೆನಲ್ಲ."

ಮೇಷ್ಟ್ರ ಹೆಂಡತಿ ಮುದ್ರಣಾಲಯವೊಂದಕ್ಕೆ ಕರಡು ತಿದ್ದುತ್ತಿದ್ದವರು. ಬೇರೆಯವರ ತಪ್ಪುಗಳನ್ನು ಅಷ್ಟು ವರ್ಷ ಹುಡುಕಿದ ಕಣ್ಣುಗಳ ಮುಂಭಾಗದ ಪಾರದರ್ಶಕ ಪೊರೆ, ಡಾಕ್ಟರು ಕಾರ್ನಿಯಾ ಅನ್ನುವುದು, ಈಚೆಗೆ ಮಬ್ಬಾಗುತ್ತ ಬಂದು, ಅಕ್ಷರಗಳು ಹಬೆ ಹಿಡಿದ ಗಾಜಿನಾಚೆ ನಿಂತ ಜನರಂತೆ ಕಾಣತೊಡಗಿದ್ದವು. ತೀರಿಕೊಂಡವರು ದಾನ ಮಾಡಿದ ಕಣ್ಣಿನ ಕಾರ್ನಿಯಾ ಹಾಕಬೇಕು, ಸಿಕ್ಕಿದಾಗ ಕರೆಯುತ್ತೇವೆ ಎಂದು ಆಸ್ಪತ್ರೆಯವರು ಹೇಳಿ ಬಹಳ ಕಾಲವಾಗಿತ್ತು. ನಿನ್ನೆ ಸಂಜೆ ಕರೆ ಬಂತು. ಬೆಳಿಗ್ಗೆ ಎಂಟರೊಳಗೆ ಅಲ್ಲಿರಬೇಕು. ತಡವಾದರೆ ನಿಮ್ಮ ನಂತರದವರನ್ನು ಕರೆಯಬೇಕಾಗುತ್ತದೆ ಎಂದು ಆ ಕಡೆಯ ಹೆಣ್ಣುದನಿ ತುಂಬ ಮರ್ಯಾದೆಯಿಂದ ಹೇಳಿತು. ಆಸ್ಪತ್ರೆಯಿದ್ದದ್ದು ಬೇರೆ ಊರಿನಲ್ಲಿ, ಎರಡು ಗಂಟೆಯ ದಾರಿ.

ಪೆಟ್ಟಿಗೆಯ ವಿಷಯವನ್ನು ಇಲ್ಲಿ ಹೇಳಬೇಕು. ಮನೆ ಒಂದೇ, ಮೇಲೆ ಅಣ್ಣ, ಕೆಳಗೆ ತಮ್ಮ. ಅಪ್ಪನ ಕಾಲದ ವಿದ್ಯುತ್ ಸಂಪರ್ಕವೂ ಒಂದೇ. ಎರಡು ಗಾಡಿಗಳನ್ನೂ ಒಟ್ಟಿಗೆ ಚಾರ್ಜಿಗೆ ಹಾಕಿದರೆ ಇಡೀ ಮನೆ ಕತ್ತಲಾಗುತ್ತಿತ್ತು. ಅದಕ್ಕೇ ಈ ಪೆಟ್ಟಿಗೆ. ಅದನ್ನು ಕೂರಿಸಿದ ಮೆಕ್ಯಾನಿಕ್ ಇಬ್ಬರನ್ನೂ ಶೆಡ್ಡಿನ ಎರಡು ಮೂಲೆಗಳಲ್ಲಿ ನಿಲ್ಲಿಸಿಕೊಂಡು ಪಾಠ ಹೇಳಿದ್ದ: "ಬೆಳಿಗ್ಗೆ ಎಷ್ಟಕ್ಕೆ ಹೊರಡ್ತೀರಿ ಅಂತ ಫೋನಲ್ಲಿ ಹಾಕಿ. ಮೊದಲು ಹೊರಡೋರಿಗೆ ಮೊದಲು ಕರೆಂಟು. ಆಮೇಲೆ ಹೊರಡೋರಿಗೆ ಬಿಸಿಲು ಬಂದ ಮೇಲೆ ತಾರಸಿ ಮೇಲಿನ ಸೋಲಾರಿಂದ. ಇದು ಬುದ್ಧಿವಂತ ಪೆಟ್ಟಿಗೆ ಸಾರ್, ನಿಮ್ಮ ಅಭ್ಯಾಸ ಎಲ್ಲ ಕಲಿತುಬಿಡುತ್ತೆ."

"ನನ್ನ ಕ್ಲಾಸಲ್ಲಿ ಯಾರೂ ಏನೂ ಕಲೀಲಿಲ್ಲ, ಈ ಡಬ್ಬ ಕಲಿಯುತ್ತಂತೆ," ಎಂದಿದ್ದರು ಮೇಷ್ಟ್ರು.

ಮೇಷ್ಟ್ರು ಕಾಲೇಜಿನಲ್ಲಿ ಭೂಗೋಳ ಹೇಳುತ್ತಿದ್ದರು. ರೇಖಾಂಶ, ಅಕ್ಷಾಂಶ, ಒಂದೊಂದು ದೇಶಕ್ಕೆ ಒಂದೊಂದು ಗಂಟೆ, ಇವೆಲ್ಲ ಅವರ ನಾಲಿಗೆಯ ತುದಿಯಲ್ಲಿದ್ದವು. ಸ್ವತಃ ಮೇಷ್ಟ್ರು ಯಾವ ರೇಖಾಂಶದಲ್ಲಿ ವಾಸಿಸುತ್ತಾರೆಂಬುದು ವಿದ್ಯಾರ್ಥಿಗಳಲ್ಲಿ ಬಹುಕಾಲದಿಂದ ಚರ್ಚೆಯಲ್ಲಿದ್ದ ಸಂಗತಿ. ಮದುವೆಗೆ ಹೋದರೆ ಊಟ ಮುಗಿದಿರುತ್ತಿತ್ತು, ಸಭೆಗೆ ಹೋದರೆ ಕುರ್ಚಿ ಮಡಚಿರುತ್ತಿದ್ದರು. ಇದನ್ನೆಲ್ಲ ಮನೆಯವರು ನಗುತ್ತಲೇ ಸಹಿಸಿದ್ದರು, ಅಪ್ಪ ಆಸ್ಪತ್ರೆಯಲ್ಲಿ ಮಲಗುವ ತನಕ. ಕೊನೆಯ ದಿನ ಅಪ್ಪ ಎರಡು ಸಲ ದೊಡ್ಡ ಮಗನನ್ನು ಕೇಳಿದರು. "ಹೊರಟಿದೀನಿ, ದಾರೀಲಿದೀನಿ" ಎಂದು ಮೇಷ್ಟ್ರು ಫೋನಿನಲ್ಲಿ ಹೇಳಿದಾಗ ಅವರಿನ್ನೂ ಶರ್ಟು ಇಸ್ತ್ರಿ ಮಾಡುತ್ತಿದ್ದರು. ಅವರು ಬರುವ ಹೊತ್ತಿಗೆ ಹಾಸಿಗೆಯ ಚಾದರ ಬದಲಾಗಿತ್ತು. ಆಮೇಲೆ ನೆಂಟರಿಷ್ಟರ ಎದುರಿಗೆ ತಮ್ಮ ಒಂದೇ ಮಾತು ಹೇಳಿದ: "ಅಣ್ಣನ ಮಾತು ನಂಬಿಕೊಂಡೇ ಅಪ್ಪ ಕಾದರು."

ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ತಮ್ಮನದು ಮನೆಯ ಹಿಂದಿನ ಬೇಕರಿಯ ಬ್ರೆಡ್ಡನ್ನು ವ್ಯಾನಿನಲ್ಲಿ ಅಂಗಡಿಗಳಿಗೆ ಹಂಚುವ ಕೆಲಸ. ಬೀದಿಯವರ ಬಾಯಲ್ಲಿ ಬ್ರೆಡ್ಡಣ್ಣ. ಪೆಟ್ಟಿಗೆ ಬಂದ ದಿನ ಅವನು ಹೊರಡುವ ಸಮಯ ಆರು ಎಂದು ಹಾಕಿದ, ಯಾಕೆಂದರೆ ಅವನು ಹೊರಡುತ್ತಿದ್ದದ್ದು ಆರಕ್ಕೆ. ಮೇಷ್ಟ್ರು ಅದನ್ನು ನೋಡಿ ಐದೂವರೆ ಎಂದು ಹಾಕಿದರು. ಐದೂವರೆಗೆ ಅವರಿಗೆ ಹೋಗಬೇಕಾದ ಜಾಗ ಭೂಮಿಯ ಮೇಲೆ ಯಾವುದೂ ಇರಲಿಲ್ಲ.

ಮೊದಮೊದಲು ಪೆಟ್ಟಿಗೆ ಅವರ ಮಾತನ್ನು ನಂಬಿತು. ಮೇಷ್ಟ್ರ ಕಾರು ತುಂಬಿ ತುಳುಕುತ್ತ ಹತ್ತರವರೆಗೆ ಶೆಡ್ಡಿನಲ್ಲಿ ನಿಂತಿರುತ್ತಿತ್ತು. ವ್ಯಾನು ಒಮ್ಮೆ ಅರ್ಧ ದಾರಿಯಲ್ಲೇ ಸುಸ್ತಾಗಿ ನಿಂತು ಬ್ರೆಡ್ಡೆಲ್ಲ ತಣ್ಣಗಾಯಿತು. ತಮ್ಮ ಆಗಲೂ ಬಾಯಿ ಬಿಡಲಿಲ್ಲ. ಆದರೆ ಪೆಟ್ಟಿಗೆ ನೋಡುತ್ತಿತ್ತು. ಒಂದು ದಿನ ಮೇಷ್ಟ್ರ ಫೋನಿನಲ್ಲಿ "ನೀವು ಹೇಳಿದ್ದು: ಐದೂವರೆ" ಎಂಬ ಸಾಲಿನ ಕೆಳಗೆ, ಸಣ್ಣ ಅಕ್ಷರದಲ್ಲಿ, ಇನ್ನೊಂದು ಸಾಲು ಕಾಣಿಸಿಕೊಂಡಿತು. "ನಮ್ಮ ಅಂದಾಜು: ಹತ್ತು." ಆಮೇಲೆ ಅವರ ಕಾರಿಗೆ ಕರೆಂಟು ಸಿಕ್ಕಿದ್ದು ಬಿಸಿಲು ಬಂದ ಮೇಲೆಯೇ, ಅದೂ ಕಾಲೇಜಿಗೆ ಹೋಗಿ ಬರುವಷ್ಟು. ಮೇಷ್ಟ್ರಿಗೆ ಅವಮಾನವಾಯಿತು. ಆದರೂ ಐದೂವರೆಯನ್ನು ಬದಲಾಯಿಸಲಿಲ್ಲ. ಪೆಟ್ಟಿಗೆಯೂ ತನ್ನ ಹತ್ತನ್ನು ಬಿಡಲಿಲ್ಲ.

ನಿನ್ನೆ ಸಂಜೆ ಹೆಂಡತಿ ಬಟ್ಟೆ ಮಡಚುತ್ತ ಕೇಳಿದ್ದರು, "ತುರ್ತು ಒತ್ತಿದ್ರಾ?"

ಹಾಗೊಂದು ಗುಂಡಿಯೂ ಇತ್ತು. ಒತ್ತಿದರೆ ಅಂದಾಜು ಗಿಂದಾಜು ಎಲ್ಲ ಬದಿಗಿಟ್ಟು ಪೆಟ್ಟಿಗೆ ಕಾರನ್ನು ತುಂಬಿಸಲು ತೊಡಗುತ್ತಿತ್ತು. ಒಂದೇ ಷರತ್ತು, ಇನ್ನೊಬ್ಬರು ಒಪ್ಪಬೇಕು.

"ಅದು ಅವನ ಫೋನಿಗೆ ಹೋಗುತ್ತೆ."

"ಹೋಗ್ಲಿ. ಅವನು ಸರಿ ಅಂತಾನೆ. ಅಷ್ಟೇ ತಾನೆ?"

"ನನ್ನ ಮನೇಲಿ ನನ್ನ ಕಾರಿಗೆ ಕರೆಂಟು ಹಾಕೋಕೆ ಅವನ ಅಪ್ಪಣೆ ಕೇಳ್ಲಾ? ಐದೂವರೆ ಅಂತ ಹಾಕಿದೀನಿ. ಈ ಸಲ ನಿಜ."

"ಈ ಸಲ ನಿಜ ಅಂತ ಅದಕ್ಕೆ ಯಾರು ಹೇಳ್ಬೇಕು?"

ಮೇಷ್ಟ್ರು ಇಸ್ತ್ರಿಪೆಟ್ಟಿಗೆ ತೆಗೆದುಕೊಂಡು ಒಳಗೆ ಹೋಗಿದ್ದರು.

ಈಗ ಅವರು ಸ್ಟೀರಿಂಗ್ ಹಿಡಿದು ಕೂತಿದ್ದರು. ತೊಡೆಯ ಮೇಲಿನ ಫೋನಿನಲ್ಲಿ ಟ್ಯಾಕ್ಸಿ ಹುಡುಕುವ ಚಕ್ರ ಸುತ್ತುತ್ತಲೇ ಇತ್ತು. ಹತ್ತಿರದಲ್ಲಿ ಯಾವ ಗಾಡಿಯೂ ಇಲ್ಲವೆಂದು ತಿಳಿಸಿ ಮತ್ತೆ ಸುತ್ತತೊಡಗಿತು. ಬದಿಯಲ್ಲಿ ಬ್ರೆಡ್ಡಿನ ಟ್ರೇಗಳನ್ನು ತಮ್ಮ ಒಂದರ ಮೇಲೊಂದು ವ್ಯಾನಿಗೆ ಏರಿಸುವ ಸದ್ದು. ನಡುವೆ ಒಮ್ಮೆ ಸದ್ದು ನಿಂತಿತು. ಅಣ್ಣನನ್ನು ಆ ಹೊತ್ತಿನಲ್ಲಿ ಕಂಡು, ಸೂರ್ಯ ಯಾವ ದಿಕ್ಕಿನಲ್ಲಿ ಹುಟ್ಟುತ್ತಿದ್ದಾನೆಂದು ಅವನು ಆಕಾಶದ ಕಡೆ ನೋಡಿರಬೇಕು.

ಕರಡು ತಿದ್ದುವವರಿಗೆ ಇರುವುದಕ್ಕಿಂತ ಬಿಟ್ಟುಹೋದದ್ದು ಬೇಗ ತಿಳಿಯುತ್ತದೆ. "ಇಲ್ಲ, ಅಲ್ವಾ?" ಎಂದರು ಹೆಂಡತಿ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮೇಷ್ಟ್ರಿಗೆ ಅನುಕೂಲವಾಗುತ್ತಿತ್ತು.

ಮೇಷ್ಟ್ರು ಕಾರಿನಿಂದಿಳಿದರು. ಅವರ ಕಾರಿಗೂ ವ್ಯಾನಿಗೂ ನಡುವೆ ಒಬ್ಬ ಮನುಷ್ಯ ಓರೆಯಾಗಿ ಹೋಗುವಷ್ಟು ಜಾಗ. ಅಷ್ಟನ್ನು ದಾಟಲು ಅವರು ತೆಗೆದುಕೊಂಡ ಸಮಯದಲ್ಲಿ ತಮ್ಮ ಇನ್ನೊಂದು ಟ್ರೇ ಏರಿಸಿದ.

"ವ್ಯಾನಲ್ಲಿ ಎಷ್ಟಿದೆ?"

ಎಷ್ಟೋ ಕಾಲದ ಮೇಲೆ ಆಡಿದ ಮಾತು ಇದಾಗಬಾರದಿತ್ತು, ಆದರೆ ಇದೇ ಬಂತು.

"ಪೂರ್ತಿ ಇದೆ," ಎಂದ ತಮ್ಮ. ಆಮೇಲೆ, "ಯಾಕೆ?"

"ಕಣ್ಣು ಸಿಕ್ಕಿದೆ. ನಿಮ್ಮತ್ತಿಗೆಗೆ. ಎಂಟರೊಳಗೆ ಆಸ್ಪತ್ರೇಲಿರಬೇಕು."

"ಯಾವಾಗ ಹೇಳಿದ್ರು?"

"ನಿನ್ನೆ ಸಂಜೆ."

ಗೋಡೆಯ ಪೆಟ್ಟಿಗೆಯತ್ತ ತಮ್ಮ ನೋಡಿದ. ಕಿತ್ತಳೆ ದೀಪವನ್ನು ನೋಡಿದ. ಅವನ ಬಾಯಿಗೆ ಒಂದು ಮಾತು ಬಂದದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಮೇಷ್ಟ್ರು ತಲೆ ತಗ್ಗಿಸಿ ಅದಕ್ಕಾಗಿ ಕಾದರು. ಜೀವನದಲ್ಲಿ ಒಮ್ಮೆಯಾದರೂ ಸಮಯಕ್ಕೆ ಸರಿಯಾಗಿ ಹಾಜರಿದ್ದರು. ಆದರೆ ತಮ್ಮ ತಿರುಗಿ ವ್ಯಾನಿನೊಳಕ್ಕೆ ಕೈಹಾಕಿ ಟ್ರೇ ಹೊರಗೆಳೆಯತೊಡಗಿದ.

"ಹಿಡ್ಕೊ," ಎಂದ. "ಹುಷಾರು, ಬಿಸಿ ಇದೆ."

"ಇದೆಲ್ಲ ಯಾಕೆ ಇಳಿಸ್ತೀಯ?"

"ಇಷ್ಟು ಭಾರ ಹೊತ್ಕೊಂಡು ಅಷ್ಟು ದೂರ ಹೋಗೋಕಾಗಲ್ಲ. ಎಲ್ಲಿಡ್ತೀಯ ಅಂತ ಕೇಳ್ಬೇಡ. ನಿನ್ನ ಕಾರಿನ ಮೂತಿ ಇದೆಯಲ್ಲ, ಅದು ಎಲ್ಲಿಗೂ ಹೋಗಲ್ಲ."

"ಅಂಗಡಿಯವರು ಕಾಯ್ತಾ ಇರ್ತಾರೆ."

"ಕಾಯ್ಲಿ. ಒಂದಿನ ಬ್ರೆಡ್ಡು ತಡವಾದ್ರೆ ಯಾರೂ ಸಾಯಲ್ಲ."

ಹೇಳಿದ ಮೇಲೆ ತಮ್ಮನ ಕೈ ಟ್ರೇಯ ಅಂಚಿನಲ್ಲೇ ನಿಂತಿತು. ಆ ತುದಿಯನ್ನು ಹಿಡಿದಿದ್ದ ಮೇಷ್ಟ್ರೂ ನಿಂತರು. ಆಮೇಲೆ ಇಬ್ಬರೂ ಅದನ್ನು ಎತ್ತಿ ಕಾರಿನ ಮೇಲಿಟ್ಟರು.

ವ್ಯಾನಿನ ಮುಂದಿನ ಸೀಟು ಮೂವರಿಗೆ ಸಾಲುವಂತೆ ನಟಿಸುತ್ತಿತ್ತು. ಹೆಂಡತಿಯನ್ನು ಕಿಟಕಿಯ ಬಳಿ ಕೂರಿಸಿ ಮೇಷ್ಟ್ರು ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ನಡುವೆ ಕೂತರು. ಚಾಲಕನ ಸೀಟಿಗೇರಿದ ತಮ್ಮ, ಕಿಟಕಿಯಿಂದ ಮನೆಯ ಕಡೆಗೆ, "ಅಂಗಡಿಯವರಿಗೆಲ್ಲ ಫೋನ್ ಮಾಡೇ, ಹೊತ್ತಾಗುತ್ತೆ ಅನ್ನು," ಎಂದು ತನ್ನ ಹೆಂಡತಿಗೆ ಕೂಗಿ ಹೇಳಿದ. "ಏನಂತ ಹೇಳ್ಲಿ?" ಎಂದು ಒಳಗಿಂದ ಕೇಳಿತು. "ಅಣ್ಣನ ಜೊತೆ ಹೋಗಿದಾರೆ ಅನ್ನು," ಎಂದು ಗೇರು ಹಾಕಿದ.

"ನಾನೆಲ್ಲಿ ಕೂತಿದೀನಿ ಅಂತ ತಿಳಿಯೋಕೆ ಇಲ್ಲಿ ಕಣ್ಣೇ ಬೇಡ ಕಣಯ್ಯ," ಎಂದರು ಅತ್ತಿಗೆ, ಬ್ರೆಡ್ಡಿನ ವಾಸನೆಯನ್ನು ಆಳವಾಗಿ ಎಳೆದುಕೊಂಡು.

"ಬೇಡ ಅಂದ್ರೆ ಈಗ್ಲೇ ತಿರುಗಿಸ್ತೀನಿ, ಅತ್ತಿಗೆ."

ಮೇಷ್ಟ್ರು ನಗಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ವ್ಯಾನು ಬೀದಿಯ ತಿರುವು ದಾಟಿತ್ತು.

ಶೆಡ್ಡು ನಿಶ್ಶಬ್ದವಾಯಿತು. ಟ್ರೇಗಳ ಬಿಸಿಗೆ ಕಾರಿನ ಮುಂಗಾಜು ಮೆಲ್ಲಗೆ ಮಬ್ಬಾಯಿತು. ಬಿಸಿಲು ತಾರಸಿಗೆ ಬಂದಾಗ ಪೆಟ್ಟಿಗೆ ಸಣ್ಣಗೆ ಗುಂಯ್‌ಗುಡುತ್ತ ತನ್ನ ಕೆಲಸ ಶುರುಮಾಡಿತು. ಅಂಗಡಿಯವರು ತಾವೇ ಬಂದು ಟ್ರೇಗಳನ್ನು ಒಂದೊಂದಾಗಿ ಒಯ್ದರು. ತಮ್ಮನ ಹೆಂಡತಿ ಕೊನೆಯದನ್ನು ಎತ್ತಿಕೊಡುವಾಗ ಅವಳ ಫೋನು ಸದ್ದುಮಾಡಿತು. ಗಂಡ ಎರಡೇ ಸಾಲು ಕಳಿಸಿದ್ದ: "ಅತ್ತಿಗೇನ ಆಪರೇಷನ್‌ಗೆ ಒಳಗೆ ಕರ್ಕೊಂಡ್ರು. ಅಣ್ಣ ಬಾಗಿಲ ಹತ್ರಾನೇ ಕೂತಿದಾನೆ, ಕಾಫಿಗೆ ಕರೆದರೂ ಏಳ್ತಾ ಇಲ್ಲ."

ಅವಳು ಸೆರಗಿನಿಂದ ಕಾರಿನ ಮೇಲಿದ್ದ ಬ್ರೆಡ್ಡಿನ ಚೂರುಗಳನ್ನು ಒರೆಸಿ ಒಳಗೆ ಹೋದಳು. ಗಾಜಿನ ಮಬ್ಬು ಅಂಚಿನಿಂದ ಕರಗುತ್ತ ಬಂದು ನಡುವೆ ಅಂಗೈಯಗಲ ಉಳಿದು, ಅದೂ ಹೋಯಿತು. ಹತ್ತಕ್ಕೆ ಸರಿಯಾಗಿ ಕಿತ್ತಳೆ ದೀಪ ಹಸಿರಾಯಿತು. ಕಾಲೇಜಿಗೆ ಹೋಗಿ ಬರುವಷ್ಟು ಕರೆಂಟು ತುಂಬಿಕೊಂಡು ಕಾರು ಬಾಗಿಲಿನ ಕಡೆ ಮುಖಮಾಡಿ ನಿಂತಿತ್ತು.