ನಾಲ್ಕನೇ ಬೆಕ್ಕಿನ ಟ್ಯೂಬು

ಮೂರು ಹೆಜ್ಜೆ ಈ ಕಡೆ, ಮೂರು ಹೆಜ್ಜೆ ಆ ಕಡೆ. ಒಂದು ಮಂಚ, ಒಂದು ಗಾಜಿನ ಕಿಟಕಿ, ಒಳಗಿಂದ ತೆಗೆಯೋಕೆ ಬಾರದ ಬಾಗಿಲು. ನಮ್ಮ ಲ್ಯಾಬಿನಲ್ಲಿ ಯಾರಿಗಾದರೂ ಸೋಂಕು ತಗುಲಿದರೆ ಇಡೋದಕ್ಕೆ ಅಂತ ಮಾಡಿದ ಕೋಣೆ ಇದು. ಹನ್ನೆರಡು ವರ್ಷ ಇದರ ಮುಂದೆ ಓಡಾಡಿದ್ದೀನಿ, ಒಂದು ದಿನ ನಾನೇ ಬಂದು ಇಲ್ಲಿ ಬೀಳ್ತೀನಿ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ಯಾರನ್ನು ಬೈಯಲಿ? ಬೈಯೋದರಲ್ಲಿ ನಾನು ಎತ್ತಿದ ಕೈ, ಆದರೆ ಈ ಸಲ ನನ್ನನ್ನೇ ಬೈದುಕೊಳ್ಳಬೇಕು.

ನನ್ನ ಕೆಲಸ ಬೆಕ್ಕುಗಳ ಗಂಟಲಿಗೆ ಹತ್ತಿಯ ಕಡ್ಡಿ ಹಾಕಿ ಸ್ಯಾಂಪಲ್ ತೆಗೆಯೋದು. ಕೊರೊನಾ ವೈರಸ್ ಮನುಷ್ಯರಿಂದ ಸಾಕುಪ್ರಾಣಿಗೆ ಹೋಗುತ್ತಾ, ಅಲ್ಲಿಂದ ವಾಪಸ್ ಬರುತ್ತಾ ಅನ್ನೋದು ಇಲ್ಲಿಯ ಸಂಶೋಧನೆ. ಊರಿನ ಬೆಕ್ಕುಗಳ ಸ್ಯಾಂಪಲ್ ಜೊತೆ ಪ್ರತಿ ಸಲವೂ ಸೋಂಕಿಲ್ಲ ಅಂತ ಖಾತ್ರಿಯಿರೋ ಒಂದು ಬೆಕ್ಕಿನದೂ ಇಡಬೇಕು. ಆ ಟ್ಯೂಬಿನಲ್ಲಿ ಏನೂ ಕಾಣದಿದ್ದರೆ ಪರೀಕ್ಷೆ ಸರಿ. ಅದರಲ್ಲೂ ವೈರಸ್ ಕಂಡರೆ, ಪರೀಕ್ಷೆ ಮಾಡಿದವರು ಎಲ್ಲೋ ಎಡವಟ್ಟು ಮಾಡಿದ್ದಾರೆ ಅಂತ ಲೆಕ್ಕ. ಆಮೇಲೆ ಅವರ ಹಿಂದಿನ ಕೆಲಸವನ್ನೂ ಯಾರೂ ನಂಬೋಲ್ಲ.

ಅಂಥ ಖಾತ್ರಿ ಬೆಕ್ಕುಗಳು ಎಂಟು, ಹಿಂದಿನ ಕೋಣೆಯಲ್ಲಿವೆ. ಅಲ್ಲಿಗೆ ಹೋಗಬೇಕಂದರೆ ಸ್ನಾನ ಮಾಡಬೇಕು, ಬಟ್ಟೆಯೆಲ್ಲ ಬದಲಾಯಿಸಬೇಕು, ಬರುವಾಗ ಮತ್ತೆ ಸ್ನಾನ. ಒಂದು ಕಡ್ಡಿಗೆ ಮುಕ್ಕಾಲು ಗಂಟೆ. ಅದರಲ್ಲೂ ನಾಲ್ಕನೇ ಬೆಕ್ಕು ಮಹಾ ರಾಕ್ಷಸಿ, ನನ್ನ ಕೈ ಪರಚದೆ ಬಿಟ್ಟ ದಿನವೇ ಇಲ್ಲ. ನನಗೂ ಸಾಕಾಗಿ ಹೋಗಿತ್ತು. ಮನೆಯಲ್ಲಿ ಅಮ್ಮ ಸಾಕಿದ ಗುಂಡ ಇದ್ದಾನೆ, ಹೊಸಿಲು ದಾಟದ ಬೆಕ್ಕು, ದಿನವಿಡೀ ಅಮ್ಮನ ಮಡಿಲಲ್ಲಿ. ಇವನಿಗಿಂತ ಚೊಕ್ಕ ಬೆಕ್ಕು ಎಲ್ಲಿ ಸಿಗುತ್ತೆ ಅಂತ ಶುಕ್ರವಾರ ಬೆಳಿಗ್ಗೆ ಅವನ ಗಂಟಲಿಗೇ ಕಡ್ಡಿ ಹಾಕಿ, ಟ್ಯೂಬಿನ ಮೇಲೆ ‘ಬೆಕ್ಕು ನಾಲ್ಕು’ ಅಂತ ಬರೆದೆ.

ಸೋಮವಾರ ಬೆಳಿಗ್ಗೆ ಫಲಿತಾಂಶ ಬಂತು. ನಾಲ್ಕನೇ ಬೆಕ್ಕಿನ ಟ್ಯೂಬಿನಲ್ಲಿ ವೈರಸ್.

ನಮ್ಮ ಮೇಡಂ, ಅಂದರೆ ಲ್ಯಾಬಿನ ಮುಖ್ಯಸ್ಥೆ, ಆ ಬೆಕ್ಕಿಗೆ ಕೂಡಲೇ ಮತ್ತೆ ಪರೀಕ್ಷೆ ಮಾಡಿಸಿದರು. ಏನೂ ಇಲ್ಲ. ಇರೋದಾದರೂ ಹೇಗೆ? ಕನ್ನಡಕವನ್ನು ಕರೆದರು. ಕನ್ನಡಕ ಅಂದರೆ ಆ ಪರೀಕ್ಷೆಗಳನ್ನು ಮಾಡೋ ಸಂಶೋಧಕಿ. ಅವಳ ಕನ್ನಡಕ ಯಾವಾಗಲೂ ಮೂಗಿನ ತುದಿಗೆ ಜಾರಿರುತ್ತೆ, ಅದಕ್ಕೇ ನಾನಿಟ್ಟ ಹೆಸರು.

"ಎರಡು ಸಲ ಮಾಡಿದ್ದೀನಿ ಮೇಡಂ. ಆ ಟ್ಯೂಬಿನಲ್ಲಿ ನಿಜವಾಗಲೂ ಇದೆ," ಅಂದಳು ಅವಳು.

"ಬೆಕ್ಕಲ್ಲಿ ಇಲ್ಲದ್ದು ಟ್ಯೂಬಿಗೆ ಎಲ್ಲಿಂದ ಬಂತಮ್ಮ? ಬುಧವಾರದೊಳಗೆ ಹೇಳು. ಇಲ್ಲಾಂದ್ರೆ ನಿನ್ನ ಹನ್ನೊಂದು ತಿಂಗಳ ಕೆಲಸ ಕಸದ ಬುಟ್ಟಿಗೆ."

ನಾನು ಬಾಗಿಲ ಹತ್ತಿರ ನಿಂತು ಎಲ್ಲಾ ಕೇಳಿಸಿಕೊಂಡೆ. ಗುಂಡನಿಗೆ ಸೋಂಕು ಇದ್ದರೆ ಅದು ಅಮ್ಮನಿಂದ ಬಂದಿರಬೇಕು, ಇಲ್ಲ ನನ್ನಿಂದ. ಅಮ್ಮ ಹೊರಗೆ ಕಾಲಿಡೋಲ್ಲ. ಅವಳಿಗೆ ಮೊದಲೇ ಎದೆಯ ತೊಂದರೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹೊರಗಿಂದ ಆ ಮನೆಗೆ ಬರೋಳು ನಾನೊಬ್ಬಳೇ.

ಬಾಯಿ ಬಿಟ್ಟರೆ ಕೆಲಸ ಹೋಯಿತು. ಸದ್ದಿಲ್ಲದೆ ಅಮ್ಮನಿಗೆ ಪರೀಕ್ಷೆ ಮಾಡಿಸೋಣ ಅಂದರೆ, ಊರಲ್ಲಿ ಯಾರ ಸ್ಯಾಂಪಲ್ ತೆಗೆದರೂ ಬರೋದು ನಮ್ಮ ಲ್ಯಾಬಿಗೇ, ಅದೇ ಕನ್ನಡಕದ ಮೇಜಿಗೇ. ಅಮ್ಮನ ವೈರಸ್ಸೂ ಬೆಕ್ಕಿನ ಟ್ಯೂಬಿನದೂ ಒಂದೇ ಅಂತ ಕಂಡುಹಿಡಿಯೋಕೆ ಅವಳಿಗೆ ಎಷ್ಟು ಹೊತ್ತು? ಯಾವ ಕಡೆ ತಿರುಗಿದರೂ ಗೋಡೆ.

ಸಂಜೆ ಮನೆಗೆ ಹೋದರೆ ಅಮ್ಮ ಕೆಮ್ಮುತ್ತಾ ಕೂತಿದ್ದಳು, ಮಡಿಲಲ್ಲಿ ಗುಂಡ.

"ಗಂಟಲು ಕೆರೀತಿದೆ ಅಷ್ಟೇ. ನಿನ್ನ ಮುಖ ಯಾಕೆ ಹಾಗಿದೆ? ಯಾರ ಹತ್ರ ಜಗಳ ಮಾಡ್ಕೊಂಡು ಬಂದೆ?"

"ಯಾರ ಹತ್ರನೂ ಇಲ್ಲ."

"ಹಾಗಾದ್ರೆ ಇವತ್ತು ರಜಾ ಇತ್ತೇನೋ."

ನಗು ಬಂತು, ಅದರ ಹಿಂದೆಯೇ ಅಳು. ಬಿಸಿನೀರು ಕೊಟ್ಟೆ, ಕೆಮ್ಮಿನ ಔಷಧಿ ಕೊಟ್ಟೆ. ಅಷ್ಟರಲ್ಲೇ ವಾಸಿಯಾಗಲಿ ಅಂತ ಬೇಡಿಕೊಂಡೆ. ಇಷ್ಟು ವರ್ಷ ವೈರಸ್ಸಿನ ಜೊತೆ ಕೆಲಸ ಮಾಡಿದವಳ ಚಿಕಿತ್ಸೆ ಇದು.

ಮಂಗಳವಾರ ಕನ್ನಡಕ ಊಟ ಬಿಟ್ಟು, ವೈರಸ್ ಅಲ್ಲಿಂದ ಅಂಟಿತೇನೋ ಅಂತ ಮೇಜು ತಿಕ್ಕುತ್ತಾ ನಿಂತಿದ್ದಳು. "ಅಕ್ಕಾ, ಅವತ್ತು ಕಡ್ಡಿ ಹಾಕುವಾಗ ಏನಾದ್ರೂ ಬೇರೆ ಥರ ಅನ್ನಿಸ್ತಾ?" ಅಂತ ಕೇಳಿದಳು.

"ಇಲ್ಲಮ್ಮ," ಅಂದೆ. ನನ್ನ ನಾಲಿಗೆ ಸೇದಿ ಹೋಗಬೇಕಿತ್ತು.

ಬುಧವಾರ ಬೆಳಿಗ್ಗೆ ಅಮ್ಮನಿಗೆ ಬಚ್ಚಲಿನಿಂದ ಮಂಚದ ತನಕ ಬರೋಕಾಗಲಿಲ್ಲ. ತುಟಿ ನೀಲಿಗಟ್ಟಿತ್ತು. ಆಂಬುಲೆನ್ಸ್‌ಗೆ ಫೋನ್ ಮಾಡಿದೆ, ಆಮೇಲೆ ಮೇಡಂಗೆ. ಒಂದೇ ಉಸಿರಿಗೆ ಎಲ್ಲಾ ಹೇಳಿಬಿಟ್ಟೆ. ಮೇಡಂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅಮ್ಮ ಆಸ್ಪತ್ರೆಗೆ, ಗುಂಡ ಪಕ್ಕದ ಕೋಣೆಯ ಪಂಜರಕ್ಕೆ, ನಾನು ಇಲ್ಲಿಗೆ.

ಇವತ್ತು ಸ್ಯಾಂಪಲ್ ತೆಗೆಯೋಕೆ ಬಂದವಳು ಕನ್ನಡಕವೇ. ಬಿಳಿ ಸೂಟಿನೊಳಗೆ ಬರೀ ಕಣ್ಣು ಕಾಣುತ್ತಿತ್ತು. ಮೂಗಿಗೆ ಕಡ್ಡಿ ಹಾಕಿದಳು, ನನ್ನೆದುರೇ ಟ್ಯೂಬಿನ ಮೇಲೆ ನನ್ನ ಹೆಸರು ಬರೆದು ತೋರಿಸಿದಳು.

"ಅಮ್ಮ ಹೇಗಿದ್ದಾಳೆ?" ಅಂತ ಕೇಳಿದೆ.

"ಆಕ್ಸಿಜನ್ ಹಾಕಿದ್ದಾರೆ. ಇನ್ನೂ ಕಣ್ಣು ಬಿಟ್ಟಿಲ್ಲ." ಟ್ಯೂಬನ್ನು ಚೀಲಕ್ಕೆ ಹಾಕಿ ಮುಚ್ಚಿದಳು. "ಎರಡು ದಿನ ಮುಂಚೆ ಬಂದಿದ್ರೆ ಇಷ್ಟಾಗ್ತಿರಲಿಲ್ಲ ಅಂದ್ರಂತೆ ಡಾಕ್ಟ್ರು."

ಆಮೇಲೆ ಫಾರಂ ತೆಗೆದಳು. ನಮ್ಮ ಮೂವರನ್ನೂ, ಬೆಕ್ಕು ಸೇರಿ, ಸಂಶೋಧನೆಗೆ ಸೇರಿಸಿಕೊಂಡಿದ್ದಾರೆ. ಮನೆ ನಂಬರು, ವಯಸ್ಸು, ಜ್ವರ, ಕೆಮ್ಮು. ಕೊನೆಯ ಸಾಲಿಗೆ ಬಂದಾಗ ಅವಳ ಪೆನ್ನು ನಿಂತಿತು.

"ಮನೆಯಲ್ಲಿ ಸೋಂಕಿದೆ ಅಂತ ನಿಮಗೆ ಗೊತ್ತಾಗಿದ್ದು ಯಾವತ್ತು?" ಅಂತ ಓದಿದಳು. ನಂತರ ಮೆಲ್ಲಗೆ, "ಬುಧವಾರ ಅಂತ ಬರೀಲಾ ಅಕ್ಕಾ?"

ಎರಡು ದಿನ ನನ್ನ ತಪ್ಪಿಗೆ ಬಲಿ ಕೊಡಲು ಹೊರಟಿದ್ದ ಹುಡುಗಿ ನನಗೆ ದಾರಿ ಬಿಡುತ್ತಿದ್ದಳು. ಹೂಂ ಅಂದರೆ ಮುಗಿಯುತ್ತಿತ್ತು.

"ಸೋಮವಾರ," ಅಂದೆ.

ಅವಳು ಬರೆಯಲಿಲ್ಲ.

"ಸೋಮವಾರ ಮಧ್ಯಾಹ್ನ, ಮೂರು ಗಂಟೆಗೆ. ನೀನು ಮೇಡಂ ಮುಂದೆ ನಿಂತಿದ್ದೆಯಲ್ಲ, ಆಗ. ಬರಿ."

ಬರೆದಳು. ಓದಿ ಸಹಿ ಹಾಕಿದೆ. ಅವಳು ಹೋದ ಮೇಲೆ ಹೊರಗಿಂದ ಚಿಲಕ ಬಿತ್ತು. ಅಮ್ಮ ಕಣ್ಣು ಬಿಟ್ಟರೆ ಅವಳಿಗೂ ಸೋಮವಾರ ಅಂತಲೇ ಹೇಳಬೇಕು.