ಕ್ಲಬ್ಬಿಗೆ ಹೋದ ಡಾಕ್ಟರ್ ಚಪ್ಪಲಿ

ನಾನು ಒಂದು ಚಪ್ಪಲಿ. ಬಲಗಾಲಿನದು. ಬೆಂಗಳೂರಿನ ಒಂದು ಆಸ್ಪತ್ರೆಯ ಹಿಂದಿನ ಅಂಗಡಿಯಲ್ಲಿ ನಾನು ಹುಟ್ಟಿದೆ. ಪ್ರಭಾವತಮ್ಮನವರ ಪಾದವನ್ನು ಕಾಗದದ ಮೇಲಿಟ್ಟು, ಸುತ್ತ ಪೆನ್ಸಿಲ್ ಎಳೆದು, ಮೆತ್ತನೆ ರಬ್ಬರು ಕತ್ತರಿಸಿ ನನ್ನನ್ನೂ ನನ್ನ ಎಡಗಡೆಯವಳನ್ನೂ ಮಾಡಿದರು. ಡಾಕ್ಟರ್ ಚಪ್ಪಲಿ ಅಂತಾರಲ್ಲ, ಅದೇ ನಾವು. ಚೆಂದ ಇಲ್ಲ, ಒಪ್ಪಿದೆ. ಆದರೆ ಕೆಲಸದಲ್ಲಿ ನಮ್ಮನ್ನು ಯಾರಾದರೂ ಮೀರಿಸಲಿ ನೋಡೋಣ!

ಪ್ರಭಾವತಮ್ಮನವರಿಗೆ ಸಕ್ಕರೆ ಕಾಯಿಲೆ. ಅಂಗಾಲು ಮರಗಟ್ಟಿ ಹೋಗಿ, ಮುಳ್ಳು ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. "ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ. ಒಂದು ಗಾಯ ಕೆಟ್ಟರೆ ಕಾಲೇ ಹೋಗಬಹುದು" ಎಂದು ಡಾಕ್ಟರು ಗದರಿದ್ದರು. ಹಾಗಾಗಿ ಅಡುಗೆಮನೆಗೂ ನಾವೇ, ಬಚ್ಚಲಿಗೂ ನಾವೇ.

ಒಂದು ಶನಿವಾರ ಸೊಸೆ ಕೃತಿಕಾ ಗೆಳತಿಯರ ಜೊತೆ ಕ್ಲಬ್ಬಿಗೆ ಹೊರಟಳು. "ನಾನೂ ಬರ್ತೀನಿ ಕಣೇ. ಅದೇನು ಕುಣೀತೀರೋ ನೋಡೇಬಿಡ್ತೀನಿ" ಅಂದರು ಇವರು. ರೇಷ್ಮೆ ಸೀರೆ, ಮುಡಿಗೆ ಮಲ್ಲಿಗೆ, ಕಾಲಿಗೆ ನಾವು. ಕ್ಲಬ್ಬಿನ ಬಾಗಿಲಲ್ಲಿ ನಿಂತಿದ್ದ ದಾಂಡಿಗ ನಮ್ಮನ್ನು ಮೇಲಿಂದ ಕೆಳಗೆ ನೋಡಿದ. ನಾನೂ ಕೆಳಗಿಂದ ಮೇಲೆ ನೋಡಿದೆ, ಬಿಡಲಿಲ್ಲ.

ಒಳಗೆ ಕೋಣೆಗೊಂದು ಸಂಗೀತ. ಒಂದರಲ್ಲಿ ಪಂಜಾಬಿ ಡೋಲು, ಮಹಡಿಯ ಮೇಲೆ ಬರೀ ಡಬಡಬ, ಕೆಳಗಿನದರಲ್ಲಿ ಕನ್ನಡ ಸಿನಿಮಾ ಹಾಡು. ನಾವು ನಿಂತದ್ದು ಅಲ್ಲೇ. ಕೃತಿಕಾ ನೀರು ತರಲು ಹೋದಳು. ಅಷ್ಟರಲ್ಲಿ ಆ ಹಾಡಿನ ಮಧ್ಯೆ ಮೃದಂಗ ಬಂತು ನೋಡಿ! ಪ್ರಭಾವತಮ್ಮ ಹುಡುಗಿಯಾಗಿದ್ದಾಗ ಭರತನಾಟ್ಯ ಕಲಿತವರು. ಚಪ್ಪಲಿ ಮೆಟ್ಟಿ ಕುಣಿಯುವುದುಂಟೇ? ನಮ್ಮನ್ನು ಗೋಡೆಯ ಬದಿಗೆ ಜೋಡಿಸಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಬರಿಗಾಲಲ್ಲಿ ಜನರ ನಡುವೆ ಹೋಗೇಬಿಟ್ಟರು.

ಎಷ್ಟು ಚೆನ್ನಾಗಿ ಕುಣಿದರು ಅಂತೀರಿ! ಹುಡುಗರೆಲ್ಲ ಜಾಗ ಬಿಟ್ಟು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಯಾರದೋ ಕೈಯಿಂದ ಗ್ಲಾಸು ಜಾರಿ ಬಿತ್ತು. ಹಾಡಿನ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ನೆಲದಲ್ಲೇ ಇದ್ದ ನನಗೆ ಮಾತ್ರ ಚೂರುಗಳು ಮಿಂಚಿದ್ದು ಕಂಡಿತು. ಅದರ ಮೇಲೇ ಧಪ್ ಧಪ್ ಅಂತ ಅವರ ಹೆಜ್ಜೆ. ಅಯ್ಯೋ, ಬನ್ನಿ ತಾಯಿ, ಈಚೆಗೆ ಬನ್ನಿ! ಚಪ್ಪಲಿ ಕೂಗಿದರೆ ಯಾರಿಗೆ ಕೇಳಬೇಕು?

ಕೃತಿಕಾ ಬಂದು ನನ್ನನ್ನೇ ಎಡವಿದಳು. ಬಗ್ಗಿ ನೋಡಿ ಬಿಳಿಚಿಕೊಂಡಳು. ಅತ್ತೆಯ ಕೈ ಹಿಡಿದು ಎಳೆತಂದು ಸೋಫಾದಲ್ಲಿ ಕೂರಿಸಿದಳು. ಫೋನಿನ ಟಾರ್ಚ್ ಹಾಕಿ, ಅವರ ಪಾದವನ್ನು ತೊಡೆಯ ಮೇಲೆ ಎತ್ತಿಕೊಂಡಳು.

"ನೋವಾಗ್ತಿದ್ಯಾ ಅತ್ತೆ?"

"ನೋವಾಗೋ ಹಾಗಿದ್ರೆ ಇನ್ನೇನು ಬೇಕಿತ್ತೇ?" ಅಂದರು.

ಬಲ ಹಿಮ್ಮಡಿಯಲ್ಲಿ ಒಂದು ಚೂರು ಮಿರಮಿರ ಅಂತಿತ್ತು. ನನ್ನ ಪಾದ ಅದು! ಕೃತಿಕಾ ಅದನ್ನು ಉಗುರಿನಿಂದ ಎಬ್ಬಿಸಿದಳು. ಬೆವರಿಗೆ ಅಂಟಿಕೊಂಡಿತ್ತು, ಅಷ್ಟೇ. ಬೆರಳ ಸಂದಿ ಬಿಡದೆ ಹುಡುಕಿದಳು. ಎಲ್ಲೂ ಒಂದು ಹನಿ ರಕ್ತವಿಲ್ಲ. ಅಬ್ಬಾ! ಹೋದ ಜೀವ ಬಂತು.

ಆಮೇಲೆ ಶುರುವಾಯಿತು ಬೈಗುಳ. ಸೊಸೆ ಅಳುತ್ತಾ ಬೈದಳು, ಅತ್ತೆ ತಲೆತಗ್ಗಿಸಿ ಕೇಳಿದರು. ಕೊನೆಗೆ ಮೆಲ್ಲಗೆ, "ಮಹಡಿ ಮೇಲಿಂದು ನೋಡೋದು ಬಾಕಿ ಇತ್ತಲ್ಲೇ" ಅಂದರು.

"ಚಪ್ಪಲಿ ಹಾಕ್ಕೊಂಡೇ ಕುಣೀಬೇಕು. ಇಲ್ಲಾಂದ್ರೆ ನಡೀರಿ ಮನೆಗೆ."

ಪ್ರಭಾವತಮ್ಮ ನಮ್ಮನ್ನು ನೋಡಿದರು, ಮೆಟ್ಟಿಲು ನೋಡಿದರು. ಮನಸ್ಸಿಲ್ಲದ ಮನಸ್ಸಿನಿಂದ ಕಾಲು ತೂರಿಸಿದರು. ಆ ಡಬಡಬಕ್ಕೆ ನಾನು ಕುಣಿದೆ ಸ್ವಾಮೀ, ಜನ್ಮದಲ್ಲಿ ಮೊದಲ ಸಲ!

ಈಗ ನನ್ನ ರಬ್ಬರು ಸವೆದಿದೆ, ಪಟ್ಟಿ ಕಿತ್ತಿದೆ. ನಮ್ಮ ಜಾಗಕ್ಕೆ ಹೊಸ ಜೋಡಿ ಬಂದಿದೆ. ನಾವಿಬ್ಬರೂ ಅವರ ಮಂಚದ ಕೆಳಗಿನ ಮೂಲೆ ಸೇರಿದ್ದೇವೆ. ಬೇಸರವೇನಿಲ್ಲ. ಮಲಗುವ ಮುಂಚೆ ಕೃತಿಕಾ ದಿನವೂ ಬಂದು ಅತ್ತೆಯ ಅಂಗಾಲುಗಳನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. "ಏನೂ ಆಗಿಲ್ಲ ಅತ್ತೆ, ಮಲಕ್ಕೊಳ್ಳಿ" ಅನ್ನುತ್ತಾಳೆ. ಆಮೇಲೆ ನಾನೂ ಮಲಗುತ್ತೇನೆ.