ಏಳನೆಯ ಸಾಲು

ಊರಿನವರೆಲ್ಲ ಅವನನ್ನು ನಾಳೆರಾಯ ಎಂದೇ ಕರೆಯುತ್ತಿದ್ದರು. ಗಡಿಯಾರ ರಿಪೇರಿ ಮಾಡುವವನಿಗೆ ಇದಕ್ಕಿಂತ ಕೆಟ್ಟ ಹೆಸರು ಬೇಕೆ? ಆದರೆ ತಪ್ಪು ಅವನದೇ. ಯಾರು ಬಂದು ಕೇಳಿದರೂ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನೂ ತೆಗೆಯದೆ, "ನಾಳೆ ಬನ್ನಿ" ಅನ್ನುತ್ತಿದ್ದ. ಅಂಗಡಿಯ ಗೋಡೆಯ ಮೇಲೆ ಹದಿನೇಳು ಗಡಿಯಾರಗಳು ಹದಿನೇಳು ಹೊತ್ತು ತೋರಿಸುತ್ತಿದ್ದವು. ಒಳಗೆ ಕಾಲಿಟ್ಟವರಿಗೆ ತಾವು ಯಾವ ಹೊತ್ತಿನಲ್ಲಿದ್ದೇವೆ ಎನ್ನುವುದೇ ಮರೆತುಹೋಗುತ್ತಿತ್ತು.

ಇಂಥವನ ಕೈಗೆ ಊರು ಸ್ಮಾರಕದ ಕೆಲಸ ಒಪ್ಪಿಸಿತ್ತು. ಎಂಬತ್ತು ವರ್ಷಗಳ ಹಿಂದೆ, ಯುದ್ಧ ನಡೆಯುತ್ತಿದ್ದಾಗ, ಒಂದು ಬೆಳಗ್ಗೆ ಮಂಜಿನಲ್ಲಿ ದಾರಿ ತಪ್ಪಿದ ವಿಮಾನವೊಂದು ಊರ ಹಿಂದಿನ ಗುಡ್ಡಕ್ಕೆ ಬಡಿದು ಉರಿದುಹೋಗಿತ್ತು. ಅದರಲ್ಲಿದ್ದವರು ಯಾರು, ಯಾರ ಮಕ್ಕಳು ಎಂಬುದು ಊರಿಗೆ ತಿಳಿದಿರಲಿಲ್ಲ. ಉಳಿದಿದ್ದದ್ದು ಗುಡ್ಡದ ಮೇಲೆ ಒಂದು ಮಣ್ಣಿನ ದಿಬ್ಬ, ಮತ್ತೆ ನಾಲ್ಕಾರು ಅಡುಗೆಮನೆಗಳಲ್ಲಿ ವಿಮಾನದ ತಗಡು ಬಡಿದು ಮಾಡಿದ ಸೌಟು. "ಆಕಾಶದಿಂದ ಬಿದ್ದದ್ದು ಕಣ್ರೀ, ಸವೆಯೋದೇ ಇಲ್ಲ" ಎಂದು ಹೆಂಗಸರು ಇವತ್ತಿಗೂ ಜಂಬ ಕೊಚ್ಚಿಕೊಳ್ಳುತ್ತಿದ್ದರು. ಸತ್ತವರ ಹೆಸರು ವಿಚಾರಿಸದೆ ಸೌಟನ್ನು ಜೋಪಾನ ಮಾಡುವುದು ಮನುಷ್ಯರಿಗೇ ಸಾಧ್ಯ.

ನಾಳೆರಾಯ ಎರಡು ವರ್ಷ ಪಟ್ಟು ಹಿಡಿದು ವಾಯುಪಡೆಯ ದಾಖಲೆ ಕಚೇರಿಗೆ ಪತ್ರ ಬರೆದ. ಕೊನೆಗೆ ಉತ್ತರ ಬಂತು. ಆರು ಹೆಸರು, ಆರು ಕೆಲಸ: ವಿಮಾನ ನಡೆಸುವವನು, ಅವನ ಜೊತೆಗಾರ, ದಾರಿ ಲೆಕ್ಕ ಹಾಕುವವನು, ರೇಡಿಯೊದವನು, ಬಂದೂಕಿನವರು ಇಬ್ಬರು. ಅತಿ ಚಿಕ್ಕವನಿಗೆ ಹತ್ತೊಂಬತ್ತು ವರ್ಷ. ಆ ಪತ್ರ ಓದಿದ ದಿನ ಅವನಿಗೆ ಊಟ ಸೇರಲಿಲ್ಲ.

ಅಲ್ಲಿಗೆ ಕೆಲಸ ಮುಗಿಯಬೇಕಿತ್ತು. ಆದರೆ ಊರಿನ ಕಚೇರಿಯಲ್ಲಿ ಗೆದ್ದಲು ತಿಂದು ಉಳಿಸಿದ ಒಂದು ಮರಣದ ದಾಖಲೆ ಪುಸ್ತಕ ಸಿಕ್ಕಿತು. ಅದರಲ್ಲಿ ಆ ದಿನದ ಎದುರಿಗೆ ಹೀಗೆ ಬರೆದಿತ್ತು: "ಏಳು ದೇಹಗಳು. ಗುರುತು ಹತ್ತದ ಕಾರಣ ಸೈನಿಕರು ಒಟ್ಟಿಗೆ ಹೂಳಿದ್ದಾರೆ."

"ಗುಮಾಸ್ತ ಎಣಿಸೋದ್ರಲ್ಲಿ ತಪ್ಪಿರ್ತಾನೆ ಬಿಡಿ. ನೀವು ಸುಮ್ನೆ ತಲೆಗೆ ಹುಳ ಬಿಟ್ಕೊಂಡಿದ್ದೀರ" ಎಂದರು ಸ್ಮಾರಕ ಸಮಿತಿಯ ಮುಖ್ಯಸ್ಥೆಯಾಗಿದ್ದ ಹೆಡ್‌ಮಿಸ್ಸು.

"ಹೆಣ ಎಣಿಸೋವಾಗ ಯಾರಾದ್ರೂ ಒಂದು ಜಾಸ್ತಿ ಎಣಿಸ್ತಾರಾ ಮೇಡಂ?"

ಅವರು ಉದ್ಘಾಟನೆಗೆ ಇನ್ನು ಹತ್ತು ದಿನ ಎಂದು ಮಾತ್ರ ನೆನಪಿಸಿ ಹೊರಟರು. ದಾಖಲೆ ಕಚೇರಿಗೆ ಅವನು ಮತ್ತೆ ಬರೆದು ಕೇಳಿಯೂ ಆಗಿತ್ತು, ಅದೇ ಉತ್ತರ: ಆರು ಜನ, ಬೇರೆ ಪ್ರಯಾಣಿಕರಿಲ್ಲ. ನಾಳೆರಾಯನನ್ನು ಕಾಡುತ್ತಿದ್ದದ್ದು ಒಂದೇ ಸಂಗತಿ. ಆರು ಜನರನ್ನು ಕೇಳಿಕೊಂಡು ಅಂದು ಪತ್ರ ಬರೆಯಲು ಅವರವರ ಮನೆಯವರಾದರೂ ಇದ್ದರು. ಏಳನೆಯವನನ್ನು ಯಾರೂ ಹುಡುಕಲೇ ಇಲ್ಲವಲ್ಲ. ಕಲ್ಲಿನಲ್ಲಿ ಆರು ಎಂದು ಕೆತ್ತಿಬಿಟ್ಟರೆ ಆ ಒಬ್ಬ ಎರಡನೇ ಸಲ ಸತ್ತ ಹಾಗೆ.

ಮಧ್ಯಾಹ್ನ ಬೆಂಚಿನ ಮೇಲೆ ಹಾಗೇ ಜೊಂಪು ಹತ್ತಿತು. ಆರು ಜನ ಅಂಗಡಿಗೆ ಬಂದರು. ದಪ್ಪ ಬೂಟು, ಕೂದಲ ತುಂಬ ಮಂಜಿನ ಹನಿ. ಒಬ್ಬೊಬ್ಬರಾಗಿ ಕೈಗಡಿಯಾರ ಬಿಚ್ಚಿ ಬೆಂಚಿನ ಮೇಲಿಟ್ಟರು. ಎಲ್ಲವೂ ಒಂದೇ ಹೊತ್ತಿಗೆ ನಿಂತಿದ್ದವು.

"ನಾಳೆ ಬನ್ನಿ" ಎಂದ ನಾಳೆರಾಯ, ಅಭ್ಯಾಸಬಲ.

"ನಮ್ಗೆ ನಾಳೆ ಇಲ್ವಲ್ಲ" ಎಂದು ಅವರಲ್ಲಿ ಚಿಕ್ಕವನು ನಕ್ಕ. ಏಳನೆಯವನೊಬ್ಬ ಬಾಗಿಲ ಹೊರಗೇ ನಿಂತಿದ್ದ. ಒಳಗೆ ಬನ್ನಿ ಎಂದರೆ ಬೇಡವೆಂದು ತಲೆಯಾಡಿಸಿದ. ಅವನ ಕೈಯಲ್ಲಿ ಗಡಿಯಾರವಿರಲಿಲ್ಲ. ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

ಎಚ್ಚರವಾದಾಗ ಹದಿನೇಳು ಗಡಿಯಾರಗಳೂ ಟಿಕ್‌ಟಿಕ್ ಅನ್ನುತ್ತಿದ್ದವು. ನಾಳೆರಾಯ ಮುಖ ತೊಳೆದುಕೊಂಡು, ಬಾಗಿಲ ಬಳಿಯಿದ್ದ ತಗಡಿನ ಡಬ್ಬಿಯನ್ನು ಬೆಂಚಿನ ಮೇಲೆ ಸುರಿದ. ಗುಡ್ಡದ ಮೇಲೆ ಹಸು ಕಾಯುವವರು, ಸೌದೆ ತರುವವರು ಹೆಕ್ಕಿ ತಂದುಕೊಟ್ಟ ಚೂರುಗಳು: ಬಕಲ್ಲು, ತಿರುಪು, ಕರಗಿ ಮುದ್ದೆಯಾದ ಅಲ್ಯೂಮಿನಿಯಂ. ತುಕ್ಕು ಹಿಡಿದ ಒಂದು ಉದ್ದನೆಯ ತುಂಡನ್ನು ಎಣ್ಣೆಯಲ್ಲಿ ನೆನೆಹಾಕಿ ಉಜ್ಜಿದ. ಅದು ಬೀಗದಕೈ. ಇನ್ನಷ್ಟು ಉಜ್ಜಿದ. ಹಿಡಿಯ ಮೇಲೆ ಅರದಿಂದ ಗೀರಿದ ಮೂರು ಗೆರೆ ಕಾಣಿಸಿತು.

ಅವನು ಅದನ್ನು ಬೆಳಕಿಗೆ ಹಿಡಿದ. ಮೂರು ಗೆರೆ ಅವನ ತಾತನ ಗುರುತು. ತಾತ ಬೀಗ ಮಾಡುವ ಕಸುಬಿನವನು. ತಾನು ಮಾಡಿದ ಬೀಗದಕೈಗೆಲ್ಲ ಮೂರು ಗೆರೆ ಹಾಕದೆ ಕೈಯಿಂದ ಬಿಡುತ್ತಿರಲಿಲ್ಲ.

ಬೆಂಚಿನ ಇನ್ನೊಂದು ತುದಿಯಲ್ಲಿ, ಆ ಆರು ಹೆಸರಿನ ಪತ್ರ ಹಾರಿಹೋಗದಂತೆ ಒಂದು ಹಳೆಯ ಬೀಗ ಇಟ್ಟಿದ್ದ. ಕೊಂಡಿ ಗರಗಸದಿಂದ ಕೊಯ್ದ ಬೀಗ. ಅದರ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ. ಯುದ್ಧದ ಕಾಲದಲ್ಲಿ ಅವನ ದೊಡ್ಡಪ್ಪ, ಇಪ್ಪತ್ತರ ಹುಡುಗ, ತಾತನ ಮೇಲಿನ ಸಿಟ್ಟಿಗೆ, ಹತ್ಯಾರದ ಪೆಟ್ಟಿಗೆಯ ಬೀಗದಕೈ ಎತ್ತಿಕೊಂಡು ಓಡಿಹೋದನಂತೆ. ತಾತ ತಾನೇ ಮಾಡಿದ ಬೀಗವನ್ನು ತಾನೇ ಕೊಯ್ಯಬೇಕಾಯಿತು. ಅಂದಿನಿಂದ ಮಗನ ಹೆಸರೆತ್ತಿದವರಿಗೆ ಆ ಮನೆಯಲ್ಲಿ ಉಳಿಗಾಲವಿರಲಿಲ್ಲ. ಪೆಟ್ಟಿಗೆಯೊಳಗಿನ ಒಂದು ಮೊಳೆಯೂ ಕಡಿಮೆಯಾಗಿರಲಿಲ್ಲ ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಬೀಗದಕೈ ತೂರಿಸಿ ತಿರುಗಿಸಿದ. ಒಳಗೆ ಕಟ್ ಎಂದು ಸದ್ದಾಯಿತು.

ಅಂಗಡಿಯ ಬಾಗಿಲು ಹಾಕುವುದನ್ನೂ ಮರೆತು ಮನೆಗೆ ಓಡಿದ. ಸೋದರತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬಿಸಿಲು ಕಾಯಿಸುತ್ತ ಅರೆಗಣ್ಣಿನಲ್ಲಿ ಕೂತಿದ್ದಳು. ಎಂಬತ್ತಾರು ವರ್ಷ. ತಾಯಿಯಿಲ್ಲದ ನಾಳೆರಾಯನನ್ನು ಸಾಕಿದವಳು ಅವಳೇ. ಇತ್ತೀಚೆಗೆ ಇಂದು ನಿನ್ನೆಗಳೆಲ್ಲ ಅವಳಿಗೆ ಕಲಸಿಹೋಗಿದ್ದವು. ಬೀಗದಕೈಯನ್ನು ಅವಳ ಅಂಗೈಯಲ್ಲಿಟ್ಟ.

ಅತ್ತೆ ಬೆರಳಿನಿಂದ ಮೂರು ಗೆರೆ ಸವರಿದಳು. "ಅಣ್ಣನ ಉಡಿದಾರದಲ್ಲಿ ಯಾವಾಗ್ಲೂ ಇರ್ತಿದ್ದದ್ದು" ಎಂದಳು, ಪುಟ್ಟ ಹುಡುಗಿಯ ದನಿಯಲ್ಲಿ.

"ಅವತ್ತು ಏನಾಯ್ತತ್ತೆ?"

"ಅಪ್ಪ ಪೇಟೆಗೆ ಹೋಗಿದ್ರು. ಅಮ್ಮ ಬಾಣಂತಿ, ನಿಮ್ಮಪ್ಪ ಕೂಸು. ಏನೋ ದೊಡ್ಡ ಸದ್ದಾಯ್ತು. ನಾನು ಮಂಚದ ಕೆಳಗೆ ಸೇರ್ಕೊಂಡೆ. ಮೂರು ದಿನ ಬಿಟ್ಟು ಅಪ್ಪ ಬಂದು ಕೇಳಿದ್ರು, ಅಣ್ಣ ಎಲ್ಲೇ? ಓಡಿಹೋದ ಅಂದೆ. ಏನು ತಗೊಂಡು ಹೋದ? ಬೀಗದಕೈ ಅಂದೆ."

"ಅಷ್ಟೇನಾ?"

"ಅಷ್ಟೇ ಕೇಳಿದ್ದು. ಆಮೇಲೆ ಅಪ್ಪ ಏನೂ ಕೇಳ್ಲಿಲ್ಲ. ಬೈದ್ರು."

ನಾಳೆರಾಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಮುಂದಿನ ಪ್ರಶ್ನೆ ಕೇಳಲು ಅವನಿಗೇ ಹೆದರಿಕೆಯಾಗುತ್ತಿತ್ತು. "ಯಾವ ಕಡೆ ಓಡಿಹೋದ ಅತ್ತೆ?"

ಅತ್ತೆ ಬೀಗದಕೈಯನ್ನು ಮಡಿಲಿಗಿಟ್ಟಳು. ಆಮೇಲೆ ಅವಳ ಕೈ ಮೆಲ್ಲಗೆ ಮೇಲೆದ್ದು ಕಿಟಕಿಯ ಆಚೆಗೆ ಚಾಚಿತು. ಅಲ್ಲಿ ಗುಡ್ಡವಿತ್ತು.

"ಬೆಂಕಿ ಕಾಣ್ತಿತ್ತು. ಒಳಗೆ ಯಾರೋ ಇದ್ದಾರೆ, ಕೂಗ್ತಿದ್ದಾರೆ ಅಂದ. ಚಪ್ಪಲೀನೂ ಹಾಕ್ಕೊಳ್ಲಿಲ್ಲ ಕಣೋ. ನಾನು ಆ ಚಪ್ಪಲಿಯೊಳಗೆ ಕಾಲಿಟ್ಕೊಂಡು ಬಾಗಿಲಲ್ಲೇ ಕಾಯ್ತಾ ಕೂತಿದ್ದೆ." ಅವಳು ನಾಳೆರಾಯನತ್ತ ತಿರುಗಿದಳು. "ನಾನು ಹೇಳಿದ್ದು ಅದು. ದೊಡ್ಡವರು ನನ್ನ ಮಾತು ತಗೊಂಡು ಅದಕ್ಕೆ ತಮ್ಮ ಅರ್ಥ ಹಚ್ಚಿ ನಂಗೇ ತಿರುಗಿ ಕೊಟ್ರು. ನಾನೂ ಅದನ್ನೇ ನಂಬಿ ಮುದುಕಿಯಾದೆ. ನನ್ನ ಬಾಯಿಂದಲೇ ಅವನಿಗೆ ಕೆಟ್ಟ ಹೆಸರು ಬಂತಲ್ಲೋ."

ನಾಳೆರಾಯ ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತ. ಅರವತ್ತರ ಹತ್ತಿರದ ಗಂಡಸು, ನಾಚಿಕೆಪಡಲಿಲ್ಲ.

ಮಾರನೆಯ ಬೆಳಗ್ಗೆ ಹೆಡ್‌ಮಿಸ್ಸಿನ ಎದುರಿಗೆ ಬೀಗ ಇಟ್ಟು ಬೀಗದಕೈ ತಿರುಗಿಸಿ ತೋರಿಸಿದ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಸಮಿತಿಗೆ ನಾನು ಹೇಳ್ತೀನಿ, ನಡೀರಿ" ಎಂದು ತಾವೇ ಮುಂದಾಗಿ ಕಲ್ಲುಕುಟಿಗನ ಶೆಡ್ಡಿಗೆ ಹೊರಟರು. ಅತ್ತೆಯನ್ನೂ ಕುರ್ಚಿ ಸಮೇತ ಗಾಡಿಯಲ್ಲಿ ಕರೆತಂದರು.

ಶೆಡ್ಡಿನ ತುಂಬ ಬಿಳಿ ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು. ಆರು ಹೆಸರು ಕೆತ್ತಿಯಾಗಿತ್ತು, ಪ್ರತಿ ಹೆಸರಿನ ಮುಂದೆ ಅವರವರ ಕೆಲಸ. ಕಲ್ಲುಕುಟಿಗ ಏಳನೆಯ ಹೆಸರಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಕೇಳಿದ, "ಇವರ ಮುಂದೆ ಏನು ಹಾಕ್ಲಿ?"

"ನೆರವಿಗೆ ಧಾವಿಸಿದ ಮಹನೀಯರು ಅಂತ ಹಾಕಿ" ಎಂದರು ಹೆಡ್‌ಮಿಸ್ಸು.

"ಧಾವಿಸೋದು, ಮಹನೀಯರು, ಇವೆಲ್ಲ ಪುಸ್ತಕದಲ್ಲಿ" ಎಂದಳು ಅತ್ತೆ. "ನಮ್ಮಣ್ಣ ಓಡಿಹೋದ. ಅದನ್ನೇ ಬರಿ."

"ಅಜ್ಜೀ, ಹಾಗೆ ಬರೆದ್ರೆ ಓದಿದವರು ತಪ್ಪು ತಿಳ್ಕೋತಾರೆ" ಎಂದ ಕಲ್ಲುಕುಟಿಗ.

"ಹಾಗಾದ್ರೆ ಮುಂದೆ ಇನ್ನೆರಡು ಮಾತು ಸೇರ್ಸು. ಆ ಮಾತು ಮಾತ್ರ ತೆಗೀಬೇಡ. ಊರು ಅದೇ ಮಾತಲ್ಲಿ ಬೈದಿದ್ದು. ಅದೇ ಮಾತನ್ನ ಓದ್ಲಿ."

ಕಲ್ಲುಕುಟಿಗ ತುಸು ಯೋಚಿಸಿ ಪೆನ್ಸಿಲಿನಲ್ಲಿ ಬರೆದ: ಇವರ ಕಡೆಗೆ ಓಡಿಹೋದವನು. ಎಲ್ಲರೂ ಓದಿದರು. "ಸರಿ, ನಾಳೆ ಶುರು ಮಾಡ್ತೀನಿ" ಎಂದ ಅವನು.

"ನಾಳೆ ಬೇಡ. ಇವತ್ತೇ ಮಾಡು" ಎಂದ ನಾಳೆರಾಯ. ಹೆಡ್‌ಮಿಸ್ಸು ಅವನ ಮುಖವನ್ನೇ ನೋಡಿದರು.

ಸಂಜೆಯವರೆಗೂ ಉಳಿಯ ಸದ್ದು ಕೇಳುತ್ತ ಅತ್ತೆ ಅಲ್ಲೇ ಕೂತಿದ್ದಳು. ಕೊನೆಯ ಅಕ್ಷರ ಮುಗಿದ ಮೇಲೆ ಅಂಗೈಯಿಂದ ಧೂಳು ಒರೆಸಿ, ಎಂಬತ್ತು ವರ್ಷಗಳ ಹಿಂದೆ ಹೇಳಿದ್ದನ್ನೇ ಇನ್ನೊಮ್ಮೆ ಹೇಳಿದಳು.

"ಅಣ್ಣ ಓಡಿಹೋದ."

ಈ ಸಲ ಅದು ಎಲ್ಲರಿಗೂ ಸರಿಯಾಗಿ ಕೇಳಿಸಿತು.